ನೂರಕ್ಕೆ ನೂರು ಫಲಿತಾಂಶ

ಮಾನ್ಯ ಮುಖ್ಯೋಪಾಧ್ಯಾಯರಿಗೆ,

ಸನ್ಮಾನದ ಆಹ್ವಾನ ತಲುಪಿತು. ನನ್ನನ್ನು ‘ಶಾಲೆಯ ಹೆಮ್ಮೆ’ ಎಂದಿದ್ದೀರಿ; ಓದಿ ನಗು ಬಂತು.

ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ತಿಂಗಳಿರುವಾಗ, “ಇವಳು ಪಾಸಾಗಲ್ಲಮ್ಮ, ನಮ್ಮ ರಿಸಲ್ಟ್ ಹಾಳಾಗುತ್ತೆ” ಎಂದು ಅಮ್ಮನ ಕೈಗೆ ನನ್ನ ಟಿ.ಸಿ. ಕೊಟ್ಟವರು ನೀವೇ. ಆ ವರ್ಷ ಗೇಟಿಗೆ ನೂರಕ್ಕೆ ನೂರು ಫಲಿತಾಂಶದ ಬ್ಯಾನರ್ ಕಟ್ಟಿಸಿ ಬೀಗಿದಿರಿ. ನಾನು ಲಾಂಡ್ರಿಯಲ್ಲಿ, ಪಾಸಾದವರ ಅರ್ಧ ಸಂಬಳಕ್ಕೆ, ಆಸ್ಪತ್ರೆಯ ಬೆಡ್‌ಶೀಟ್ ಒಗೆದೆ. ಆಮೇಲೆ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾಗಿ, ಜಿಲ್ಲೆಯ ಮೊದಲ ಮಹಿಳಾ ಲಿಫ್ಟ್ ಮೆಕ್ಯಾನಿಕ್ ಆದೆ. ಅದರಲ್ಲಿ ನಿಮ್ಮದೇನೂ ಇಲ್ಲ, ಸನ್ಮಾನ ಬೇಡ.

ಈಗ ನನ್ನ ತಂಗಿ ನಿಮ್ಮದೇ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳ ಟಿ.ಸಿ. ಒಯ್ಯಲು ನಾಳೆ ಅಮ್ಮನನ್ನು ಬರಹೇಳಿದ್ದೀರಂತೆ. ತಂಗಿ ಪರೀಕ್ಷೆ ಬರೆಯುತ್ತಾಳೆ, ಟಿ.ಸಿ. ಬದಲು ಪರೀಕ್ಷೆಯ ಅರ್ಜಿ ಸಿದ್ಧವಾಗಿಡಿ. ಅಮ್ಮನ ಬದಲು ನಾನೇ ಬರುತ್ತೇನೆ. ಅಮ್ಮ ಅಂದು ನಿಮ್ಮೆದುರು ಕೈಮುಗಿದು ನಿಂತಿದ್ದಳು. ನಾನು ಕುರ್ಚಿ ಎಳೆದುಕೊಂಡು ಕೂರುತ್ತೇನೆ.

ಇಂತಿ,
ನೀವು ಕೈಬಿಟ್ಟ ವಿದ್ಯಾರ್ಥಿನಿ