ಸಾಲಿನಲ್ಲಿ ನಿಲ್ಲದವನು

ಶ್ರೀನಿವಾಸಪುರ, ೧೫ ಜೂನ್ ೨೦೨೫, ಭಾನುವಾರ

ಆಂಜಿನಮ್ಮನ ಮಾತು ಇನ್ನೂ ಚುಚ್ಚುತ್ತಿದೆ. ನಿವೃತ್ತನಾದಂದಿನಿಂದ ಈ ಕ್ರೈಸ್ತ ಸಭೆಯನ್ನು ನಡೆಸುತ್ತಿರುವವನು ನಾನು. ಆದರೂ ಇವತ್ತು ಆಕೆ ಮಂಡಿನೋವಿನ ಎಣ್ಣೆಯನ್ನು ಪ್ರಾರ್ಥನೆಗೆಂದು ಒಯ್ದದ್ದು ಗೌನಿಪಲ್ಲಿಯಿಂದ ಬಂದಿದ್ದ ಯುವ ಸಭಾಪಾಲಕರ ಬಳಿಗೆ. ಕಾರಣ ಕೇಳಿದೆ. ಕೇಳಬಾರದಿತ್ತು.

“ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ. ನಿಮ್ಮ ಪ್ರಾರ್ಥನೆ ಪಾಠ ಒಪ್ಪಿಸ್ದಂಗೆ ಇರ್ತೈತೆ, ಒಂದು ತಪ್ಪೂ ಇರಲ್ಲ. ಆ ಅಯ್ಯಗಾರು ನಮ್ಜೊತೆ ಅಳ್ತಾರೆ!”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಬರೀ ಅಸೂಯೆಯಾಗಿದ್ದರೆ ಈ ವೇಳೆಗೆ ನಿದ್ದೆ ಬರುತ್ತಿತ್ತು. ಆ ಸಭಾಪಾಲಕರು ಸಾಲಾಗಿ ನಿಂತಿದ್ದ ಒಬ್ಬೊಬ್ಬರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವಾಗ, ಗೀತೆಪುಸ್ತಕಗಳನ್ನು ಜೋಡಿಸುವ ನೆಪದಲ್ಲಿ ನಾನು ಆ ಸಾಲಿನ ಪಕ್ಕದಲ್ಲೇ ಸುಳಿದಾಡುತ್ತಿದ್ದೆ. ನನ್ನ ತಲೆಯ ಮೇಲೆ ಯಾರಾದರೂ ಹಾಗೆ ಕೈಯಿಟ್ಟು ಎಷ್ಟು ಕಾಲವಾಯಿತು!

ಕೊನೆಯಲ್ಲಿ ಅವರೇ ತಿರುಗಿ ಕೇಳಿದರು: “ನಿಮಗೂ ಪ್ರಾರ್ಥನೆ ಮಾಡ್ಲಾ ಸಾರ್?”

“ಬಸ್ಸಿಗೆ ಹೊತ್ತಾಯ್ತು, ಹೊರಡಿ” ಎಂದುಬಿಟ್ಟೆ.

ಕರ್ತನೇ, ಅವರು ಇನ್ನೊಂದು ಸಲ ಕೇಳಿದ್ದರೆ…