ಬಣ್ಣ ಉಳಿಸಿ ಗಂಟೆ ಕಿತ್ತವರಿಗೆ

ಹಳೆಯ ಫೋನ್ ಪೆಟ್ಟಿಗೆಗಳನ್ನು ಕಾಪಾಡುವ ಕಚೇರಿಯ ಮೇಲಧಿಕಾರಿಗಳೇ,

ನಮ್ಮ ಕ್ರೆಗಾನ್ ಕೊಲ್ಲಿಯ ಕೆಂಪು ಫೋನ್ ಪೆಟ್ಟಿಗೆಯನ್ನು ನೀವು ಉಳಿಸಿದ್ದೀರಿ. ನನ್ನ ದೂರು ಅದೇ. ಮೊದಲು ನಿಮಗೇ ಬರೆದಿದ್ದೆ. ಉತ್ತರವಾಗಿ, ಪೆಟ್ಟಿಗೆಯೊಳಗೆ ಹೂಕುಂಡ ಇಟ್ಟರೆ ಎಷ್ಟು ಚಂದ ಎಂದು ತೋರಿಸುವ ಒಂದು ಚಿತ್ರ ಬಂತು. ಆದ್ದರಿಂದ ಈ ಸಲ ಪತ್ರಿಕೆಗೇ ಬರೆಯುತ್ತಿದ್ದೇನೆ.

ಆ ಪೆಟ್ಟಿಗೆ ಬಂದದ್ದು ನಾನು ಮದುವೆಯಾಗಿ ಈ ದ್ವೀಪಕ್ಕೆ ಬಂದ ವರ್ಷ. ಎರಕದ ಕಬ್ಬಿಣ. ದೋಣಿಯಿಂದ ಇಳಿಸಲು ಊರಿನ ಗಂಡಸರೆಲ್ಲ ಹೆಗಲು ಕೊಡಬೇಕಾಯಿತು. ನೆತ್ತಿಯ ಮೇಲೆ ಕಿರೀಟ, ಮೈತುಂಬ ಗಾಜು, ಕೆಂಡದಂಥ ಕೆಂಪು. ಪಾದ್ರಿಗಳಿಗೆ ಆ ಬಣ್ಣ ಸರಿಕಾಣಲಿಲ್ಲ.

"ದೇವರ ಭಯ ಇರೋ ಊರಿಗೆ ಬೂದು ಬಣ್ಣ ಸಾಕಾಗಿತ್ತು" ಎಂದರು.

ನನ್ನ ಗಂಡ ಮರ್ಡೊ, "ಹಂಗಾದ್ರೆ ಮಂಜು ಕವಿದಾಗ ಅದನ್ನ ಹುಡುಕೋಕೆ ನೀವೇ ದೋಣಿ ಹತ್ತಿ ಸ್ವಾಮಿ" ಎಂದ. ಕೆಂಪೇ ಉಳಿಯಿತು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಆ ಫೋನನ್ನು ವರ್ಷವಿಡೀ ಯಾರೂ ಬಳಸಿಲ್ಲ, ಅದಕ್ಕೇ ತೆಗೆದೆವು ಎನ್ನುತ್ತೀರಿ. ಯಾರೂ ಎತ್ತಿ ಮಾತಾಡಿಲ್ಲ, ನಿಜ. ನಾವು ಅದನ್ನು ಇಟ್ಟುಕೊಂಡದ್ದೇ ಎತ್ತದೆ ಇರುವುದಕ್ಕೆ. ನಮ್ಮ ದೋಣಿಗಳು ಮೀನು ಮಾರಲು ಆಚೆಯ ಬಂದರಿಗೆ ಹೋಗುತ್ತವೆ. ದಡ ಮುಟ್ಟಿದ ಕೂಡಲೇ ಅವರಲ್ಲೊಬ್ಬ ಈ ಪೆಟ್ಟಿಗೆಗೆ ಫೋನು ಮಾಡುತ್ತಾನೆ. ಗಂಟೆ ಸ್ವಲ್ಪ ಹೊತ್ತು ಬಾರಿಸಿ ನಿಲ್ಲುತ್ತದೆ. ಎತ್ತಿದರೆ ಅವನ ಕಾಸು ದಂಡ, ಆದ್ದರಿಂದ ಯಾರೂ ಎತ್ತುವುದಿಲ್ಲ. ಬಾರಿಸಿತೆಂದರೆ ಎಲ್ಲರೂ ಕ್ಷೇಮ. ಕೊಲ್ಲಿಯ ಅಷ್ಟೂ ಅಡುಗೆಮನೆಗಳಿಗೆ ಒಮ್ಮೆಗೇ ಕೇಳಿಸುತ್ತದೆ, ಹೆಂಗಸರು ಒಲೆಯ ಮೇಲೆ ಟೀಗೆ ನೀರಿಡುತ್ತಾರೆ. ಮನೆಗಳಲ್ಲಿ ಫೋನಿಲ್ಲವೇ ಎಂದು ನಿಮ್ಮ ಗುಮಾಸ್ತೆ ಕೇಳಿದಳು. ಕೆಲವರಿಗಿದೆ. ಒಂದು ಮನೆಯ ಫೋನು ಬಾರಿಸಿದರೆ ಒಬ್ಬಳಿಗೆ ನೆಮ್ಮದಿ. ಉಳಿದವರು ಏನು ಮಾಡಬೇಕು? ಮೊಬೈಲಂತೂ ಈ ಬಂಡೆಗಳ ನಡುವೆ ಉಸಿರೆತ್ತುವುದಿಲ್ಲ. ಕೇಳಿಸಿಕೊಳ್ಳುವುದು ಬಳಕೆಯಲ್ಲವೇ ಸ್ವಾಮಿ? ಹಾಗಾದರೆ ಚರ್ಚಿನ ಗಂಟೆಯನ್ನೂ ಇಳಿಸಿಬಿಡಿ, ಅದನ್ನೂ ಯಾರೂ ಎತ್ತಿ ಮಾತಾಡಿದ್ದಿಲ್ಲ.

ಒಂದು ಚಳಿಗಾಲ ಅದು ಬಾರಿಸಲಿಲ್ಲ. ಮರ್ಡೊನ ಟೋಪಿ ಮಾತ್ರ ದಡಕ್ಕೆ ಬಂತು. ಈ ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ ಎಂದು ನಾನು ಕಲಿತದ್ದು ಹಾಗೆ.

ಕಳೆದ ಮಾರ್ಚಿನಲ್ಲಿ ನಿಮ್ಮ ಕಡೆಯವನೊಬ್ಬ ವ್ಯಾನಿನಲ್ಲಿ ಬಂದು ಪೆಟ್ಟಿಗೆಗೆ ಬಣ್ಣ ಬಳಿದ. ಗಾಜಿಗೆಲ್ಲ ಕಾಗದ ಅಂಟಿಸಿ, ಬಾಗಿಲನ್ನು ಹಗ್ಗದಿಂದ ಬಿಗಿದ.

"ಅಜ್ಜೀ, ಮುಟ್ಬೇಡಿ, ಇನ್ನೂ ಹಸಿ ಇದೆ."

"ಮುಟ್ಟಲ್ಲ ಮಾರಾಯ. ಮೊದ್ಲು ಟೀ ಕುಡಿ, ಕೈ ಮರಗಟ್ಟಿದೆ" ಎಂದು ಓಟ್ಸ್ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟೆ.

ಪಕ್ಕದ ಮನೆಯ ಎಫೀ, "ನೋಡೇ ಇಷ್ಬೆಲ್, ಈ ವಯಸ್ಸಲ್ಲೂ ಅದಕ್ಕೊಬ್ಬ ಗಂಡು ನೋಡ್ಬೋದು. ನಮಗೆ ಯಾರಾದ್ರೂ ಹಿಂಗೆ ಬಣ್ಣ ಬಳೀತಾರಾ?" ಎಂದು ನಕ್ಕಳು.

ಒಳಗಿನ ಫೋನನ್ನು ಅವನು ಆಗಲೇ ಬಿಚ್ಚಿ ವ್ಯಾನಿಗೆ ಹಾಕಿದ್ದ. ನಮಗೆ ತಿಳಿಯಲಿಲ್ಲ. ಆಕ್ಷೇಪಣೆ ಇದ್ದವರು ತಿಳಿಸಿ ಎಂದು ನೋಟೀಸು ಹಚ್ಚಿದ್ದಿರಂತೆ, ಪೆಟ್ಟಿಗೆಯ ಒಳಗೆ! ಫೋನು ಎತ್ತದ ಊರಿನವರು ಆ ಪೆಟ್ಟಿಗೆಯೊಳಗೆ ಯಾಕೆ ಹೋಗುತ್ತಾರೆ?

ಅದೇ ವಾರ ನನ್ನ ಮಗ ಟಾರ್ಮಡ್ ಮತ್ತು ಎಫೀಯ ಗಂಡ ಮೀನು ಹೇರಿಕೊಂಡು ಹೊರಟರು. ಮಧ್ಯಾಹ್ನ ಗಾಳಿ ತಿರುಗಿತು. ಸಂಜೆಯಾದರೂ ಗಂಟೆ ಬಾರಿಸಲಿಲ್ಲ. ಎಫೀ ಬಂದು ನನ್ನ ಮೇಜಿನ ಬಳಿ ಕೂತಳು. ನಾವಿಬ್ಬರೂ ಅಳಲಿಲ್ಲ. ಅವಳು, "ಸಾವಿಗೆ ಹಾಕೋ ಕರೀ ಕೋಟು ನಂಗೆ ಬಿಗಿ ಆಗಿದೆ ಕಣೇ" ಎಂದಳು. ನಾನು, "ಹೊಲಿಗೆ ಬಿಚ್ಚಿ ಅಗಲ ಮಾಡ್ಕೊಡ್ತೀನಿ" ಎಂದು ಕತ್ತರಿ ತಂದೆ. ಮಾಡಿಯೂ ಕೊಟ್ಟೆ.

ಮರುದಿನ ಗಾಳಿ ಇಳಿದ ಮೇಲೆ ಟಾರ್ಮಡ್ ಹಿತ್ತಲ ಬಾಗಿಲಿನಿಂದ ಒಳಗೆ ಬಂದ. ನಾನು ಆಲೂಗಡ್ಡೆ ಸುಲಿಯುತ್ತಿದ್ದೆ.

"ಯಾಕವ್ವಾ ಹಿಂಗ್ ನೋಡ್ತೀಯಾ? ದಡ ಮುಟ್ಟಿದ ತಕ್ಷಣ ಫೋನ್ ಮಾಡಿದ್ನಲ್ಲ. ಈ ಕಡೆ ಗಂಟೆ ಹೊಡಿಯೋದು ನನ್ನ ಕಿವಿಗೆ ಕೇಳ್ತಾನೇ ಇತ್ತು."

"ಬೂಟು ಹೊರಗೆ ಬಿಚ್ಚು" ಎಂದೆ. ಆಲೂಗಡ್ಡೆ ಸುಲಿಯುತ್ತಲೇ ಇದ್ದೆ.

ಎಫೀ ಆ ಕೋಟಿನ ತೋಳಿನಲ್ಲೇ ಮೂಗು ಒರೆಸಿಕೊಂಡು ನಕ್ಕಳು, ಅತ್ತಳು, ಗಂಡನಿಗೆ ಎರಡು ಬಿಟ್ಟಳಂತೆ. ನನಗೆ ಏನೂ ಆಗಲಿಲ್ಲ. ಈಗ ಅಕ್ಟೋಬರ್. ಇನ್ನೂ ಏನೂ ಆಗಿಲ್ಲ. ಅವನು ಎದುರು ಕೂತು ಸಾರು ಕುಡಿಯುತ್ತಾನೆ, ಉಪ್ಪು ಕಡಿಮೆ ಅನ್ನುತ್ತಾನೆ, ಉಪ್ಪು ಕೊಡುತ್ತೇನೆ. ಅವನು ಬದುಕಿದ್ದಾನೆ ಎಂದು ನನ್ನ ಕಣ್ಣಿಗೆ ಗೊತ್ತು. ಉಳಿದ ಮೈಗೆ ಯಾರೂ ಹೇಳಿಲ್ಲ. ಹೇಳಬೇಕಾದದ್ದು ಆ ಗಂಟೆ.

ಪೆಟ್ಟಿಗೆಯ ಒಂದು ಗಾಜನ್ನೂ ನಾವು ಬದಲಿಸುವಂತಿಲ್ಲ, ಅದು ನಾಡಿನ ಆಸ್ತಿ ಎಂದು ಈಗ ಅದರ ಪಕ್ಕ ಫಲಕ ನೆಟ್ಟಿದ್ದೀರಿ. ಪ್ರವಾಸಿಗಳು ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಸಂತೋಷ. ಆದರೆ ಇನ್ನೊಂದು ಚಳಿಗಾಲ ಬರುತ್ತಿದೆ, ದೋಣಿಗಳು ಹೋಗುತ್ತವೆ. ಗಾಳಿಯ ಕಾಲ ಶುರುವಾಗುವ ಮೊದಲು ಫೋನು, ತಂತಿ, ಗಂಟೆ ಎಲ್ಲವನ್ನೂ ವಾಪಸು ಕೂರಿಸಿ. ಆಗದಿದ್ದರೆ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋಗಿ. ಸಂಜೆ ಹೊತ್ತು ಅದರ ಮುಖ ನೋಡುತ್ತಾ ಕೂರುವುದಾದರೂ ತಪ್ಪುತ್ತದೆ. ಕೂರಿಸಿದರೆ, ಟಾರ್ಮಡ್‌ನನ್ನು ಆಚೆಯ ಬಂದರಿಗೆ ಕಳಿಸಿ ಒಮ್ಮೆ ಬಾರಿಸು ಅನ್ನುತ್ತೇನೆ. ನಾನು ಎತ್ತುವುದಿಲ್ಲ.

ಇಂತಿ,
ಮಗನಿದ್ದೂ ಅವನ ಸುದ್ದಿಗೆ ಕಾದಿರುವ
ಇಷ್ಬೆಲ್, ಮರ್ಡೊನ ಹೆಂಡತಿ
ಕ್ರೆಗಾನ್ ಕೊಲ್ಲಿ, ಪೆಟ್ಟಿಗೆಯ ಎದುರು ಮನೆ