ಬಂಡೆಯ ಮೇಲಿನ ಬಿಳಿ ಗೆರೆ

ಪ್ರವಾಸಿ ಮಾಹಿತಿ ಕೇಂದ್ರ, ಸೇತುವೆ ಬೀದಿ
ಮೇ ೧೪, ಬೆಳಗ್ಗೆ

ಪ್ರೀತಿಯ ಅಪ್ಪಾ,

ಮಂಡಿ ಹೇಗಿದೆ? ಹೊಲಿಗೆ ಬಿಚ್ಚುವ ಮೊದಲೇ ನೀನು ತನ್ನ ಮನೆಯ ಮಹಡಿ ಹತ್ತಿ ಇಳಿಯುತ್ತಿದ್ದೀಯೆಂದು ಅಕ್ಕ ದೂರಿದ್ದಾಳೆ. ಆಪರೇಷನ್ ಆಗಿರುವುದು ನಿನಗೋ ಅವಳಿಗೋ? ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ದಿನದಿಂದ ಮೈಯೆಲ್ಲ ಉರಿಯುತ್ತಿದೆ. ಫೋನಿನಲ್ಲಿ ಹೇಳಹೋದರೆ ನೀನು ಪೂರ್ತಿ ಕೇಳದೆ ಬಸ್ ಹತ್ತಿಬಿಡುತ್ತೀಯ, ಅದಕ್ಕೇ ಈ ಪತ್ರ.

ದೋಣಿಕಟ್ಟೆಯ ದೊಡ್ಡ ಬಂಡೆಗೆ ನಮ್ಮ ಕೇಂದ್ರದವರು ಬಣ್ಣ ಬಳಿಸಿದ್ದಾರೆ. ಗುಲಾಬಿ ಬಣ್ಣ! ಅದರ ಮೇಲೊಂದು ಹೃದಯ, ಎರಡು ರೆಕ್ಕೆ. ಬಂದವರು ರೆಕ್ಕೆಗಳ ನಡುವೆ ನಿಂತು ಫೋಟೋ ತೆಗೆಸಿಕೊಳ್ಳಬೇಕಂತೆ. ತಾತ ಎಳೆದ, ನೀನು ವರ್ಷವರ್ಷವೂ ಬೆಟ್ಟದ ಹಿಮ ಕರಗಿ ಹೊಳೆ ಏರುವ ಮುಂಚೆ ತಿದ್ದುತ್ತಿದ್ದ ಬಿಳಿ ಗೆರೆ ಅದರಡಿ ಮುಚ್ಚಿಹೋಗಿದೆ. ನೀರು ಗೆರೆ ಮುಟ್ಟಿದ ದಿನ ಒಂದು ದೋಣಿಯೂ ಹೊಳೆಗಿಳಿಯಬಾರದೆಂದು ಊರಿಗೆಲ್ಲ ಗೊತ್ತು, ನಮ್ಮ ಮ್ಯಾನೇಜರಿಗೆ ಬೇಕಿಲ್ಲ. ರೋಪ್‌ವೇ, ಜಲಪಾತದ ಕಾಲುದಾರಿ, ಗಡಿಯಾರಗಳ ಮ್ಯೂಸಿಯಂ ಎಲ್ಲದಕ್ಕೂ ಕರಪತ್ರ ಬರೆದವಳು ನಾನೇ. ದೋಣಿಯಾನದ ಕರಪತ್ರದಲ್ಲಿ ಗೆರೆಯ ಬಗ್ಗೆ ನಾನು ಬರೆದ ಎರಡು ಸಾಲು ಹೊಡೆದುಹಾಕಿ ‘ದೋಣಿಯಾನ ಮಕ್ಕಳಿಗೂ ಸುರಕ್ಷಿತ’ ಎಂದು ಅಚ್ಚು ಹಾಕಿಸಿದ್ದಾರೆ! “ಬರೋ ಜನಾನ ಹೆದರಿಸ್ತೀಯಲ್ಲಮ್ಮ. ಸಾಹಿತ್ಯ ಓದ್ದೋಳು, ಚೆಂದದ ಮಾತು ನಾಲ್ಕು ಬರಿ,” ಅಂದರು. ನಾನು ಎಂದಿನಂತೆ ತಲೆ ತಗ್ಗಿಸಿಕೊಂಡು ಬಂದೆ. ಆ ತಗ್ಗಿದ ತಲೆಯ ಮೇಲೂ ನನಗೆ ಸಿಟ್ಟಿದೆ.

ನಿನ್ನ ಜೊತೆ ಇಪ್ಪತ್ತು ವರ್ಷ ದೋಣಿಯ ಹುಟ್ಟು ಹಾಕಿದ ಗಡ್ಡದ ಮಾವನನ್ನು ಕೇಳಿದರೆ, “ನಿಮ್ಮಪ್ಪ ಊರಲ್ಲಿದ್ದಿದ್ರೆ ಜಗಳ ಆಡ್ತಿದ್ದ. ನಂಗ್ಯಾಕೆ ಬೇಕು ತಾಯಿ?” ಅನ್ನುತ್ತಾನೆ. ಗೆರೆ ಎಷ್ಟು ಎತ್ತರದಲ್ಲಿತ್ತು ಎಂದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಾರೆ. ಗೆರೆಯೇ ಇರುವಾಗ ಅಳತೆ ಯಾಕೆ ಎಂದು ಮೂರು ತಲೆಮಾರಿನಲ್ಲಿ ಯಾರೂ ಬರೆದಿಟ್ಟಿಲ್ಲ ನೋಡು.

ಅಕ್ಕನಿಗೆ ನನ್ನ ನೆನಪು ತಿಳಿಸು. ಕಾಲು ಚಾಚಿಕೊಂಡು ಸುಮ್ಮನೆ ಕೂತಿರು.

ನಿನ್ನ
ಕಿರಿಯವಳು

ತಾ.ಕ.: ಇವತ್ತು ಬೆಳಕು ಹರಿಯುತ್ತಲೇ ಹೋಗಿ ಆ ಹೃದಯದ ನಟ್ಟನಡುವೆ ನಾನೇ ಬಿಳಿ ಗೆರೆ ಎಳೆದೆ. ಸರಿಯಾದ ಎತ್ತರ ಗೊತ್ತಿಲ್ಲದ್ದರಿಂದ ನನ್ನ ನೆನಪಿಗಿಂತ ಒಂದು ಗೇಣು ಕೆಳಗೇ ಎಳೆದಿದ್ದೇನೆ. ಎಂಟು ಗಂಟೆಗೆ ನೀರು ಅದನ್ನು ಮುಟ್ಟಿತು. ಗಡ್ಡದ ಮಾವ ಎಲ್ಲ ದೋಣಿಗಳನ್ನೂ ದಡಕ್ಕೆಳೆದು ಕಟ್ಟಿದ. ಪತ್ರವನ್ನು ಬಸ್ ಡ್ರೈವರ್ ಕೈಗೆ ಕೊಡುತ್ತಿದ್ದೇನೆ, ಸಿಕ್ಕಿದ ಕೂಡಲೇ ಸರಿಯಾದ ಎತ್ತರ ಫೋನ್ ಮಾಡಿ ಹೇಳು. ಹೊರಗೆ ಮ್ಯಾನೇಜರ್ “ಯಾರ ಕೆಲಸ ಇದು?” ಎಂದು ಕೂಗಾಡುತ್ತಿದ್ದಾರೆ. ಹೋಗಿ ಹೇಳಿ ಬರುತ್ತೇನೆ.